ಮರದ ಹಾಗೆ ನಿಲ್ಲುವುದೇ ತೈಚಿಯ ಅಡಿಪಾಯವಾ? ನನಗೆ ಮಂಡಿ ನೋವು ಬಿಟ್ಟರೆ ಏನೂ ಬಂದಿಲ್ಲ

ಐಗೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ವಯಸ್ಸು 31. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕಾಲೇಜಿನಲ್ಲಿ ಹಾಕಿ ಆಡುತ್ತಿದ್ದೆ. ಈಗ ಕುರ್ಚಿ ಬಿಟ್ಟರೆ ಬೈಕು, ಬೈಕು ಬಿಟ್ಟರೆ ಕುರ್ಚಿ.

ಜೂನ್‌ನಲ್ಲಿ ಮಳೆ ಹಿಡಿದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಫೋನಿನಲ್ಲಿ ಇಳಿಸಿಟ್ಟಿದ್ದ ವಿಡಿಯೊ ನೋಡಿ ತೈಚಿ ಶುರು ಮಾಡಿದೆ, ನಿಧಾನಕ್ಕೆ ಮೈ ಆಡಿಸುವ ಚೀನಾದ ಕಲೆ. 24 ಭಂಗಿಯನ್ನು ಒಂದಾದ ಮೇಲೊಂದು ಮಾಡುವ ಫಾರ್ಮ್ ಅಂತಾರಲ್ಲ, ಅದು. ಅರ್ಧ ಬಂತು. ಅಷ್ಟರಲ್ಲಿ ಇನ್ನೊಂದು ವಿಡಿಯೊದವನು, ಫಾರ್ಮ್ ಎಲ್ಲ ಆಮೇಲೆ, ಮೊದಲು ಝಾನ್ ಜುವಾಂಗ್ ಮಾಡು, ಅದಿಲ್ಲದೆ ಎಲ್ಲ ಬರೀ ಡ್ಯಾನ್ಸ್ ಅಂದ. ಮರವನ್ನು ತಬ್ಬಿಕೊಂಡ ಹಾಗೆ ಕೈ ಎತ್ತಿ ಸುಮ್ನೆ ನಿಲ್ಲುವುದು.

ಆರು ವಾರದಿಂದ ದಿನಾ 20 ನಿಮಿಷ ನಿಲ್ಲುತ್ತಿದ್ದೇನೆ. ಮೊದಲ ಐದು ನಿಮಿಷಕ್ಕೆ ಹೆಗಲು ಉರಿಯುತ್ತದೆ. ಹತ್ತಕ್ಕೆ ಕಾಲು ನಡುಗುತ್ತದೆ. ಬೆರಳ ತುದಿ ಜುಮ್ ಅನ್ನುತ್ತದೆ, ಅದೇ ಚೀ, ಅಂದರೆ ಮೈಯೊಳಗಿನ ಪ್ರಾಣಶಕ್ತಿ, ಅಂತ ವಿಡಿಯೊದವನು ಹೇಳುತ್ತಾನೆ. ಹತ್ತು ದಿನದಿಂದ ಎಡ ಮಂಡಿಯ ಒಳಗೆ ಚುಚ್ಚಿದ ಹಾಗೆ ಆಗುತ್ತಿದೆ.

ಅಪ್ಪ ಜಗಲಿಯಲ್ಲಿ ಕೂತು ನೋಡಿ ನಗುತ್ತಾರೆ. "ಹೀಗೇ ನಿಲ್ಲೋದಾದ್ರೆ ಹೋಗಿ ಗದ್ದೇಲಿ ನಿಲ್ಲು, ಹಂದಿನಾದ್ರೂ ಹೆದರುತ್ತೆ" ಅಂದರು ಮೊನ್ನೆ.

ಕಲಿತವರು ಯಾರಾದರೂ ಇದ್ದರೆ ಹೇಳಿ. ಇದರಲ್ಲಿ ಅಡಿಪಾಯ ಅಂದರೆ ನಿಜವಾಗಿ ಏನು? ನಿಲ್ಲುವುದರಿಂದ ಮೈಗೆ ಏನು ಬರಬೇಕು? ಹತ್ತಿರದಲ್ಲಿ ಹೇಳಿಕೊಡುವವರು ಯಾರೂ ಇಲ್ಲ.

ಕಿಕ್ ಮಾಸ್ಟರ್ ವಿರಾಜಪೇಟೆ

ಬ್ರೋ, ಬೇಜಾರಾಗಬೇಡ. 2017ರಲ್ಲಿ ಚೆಂಗ್ಡು ಊರಲ್ಲಿ ಶೂ ಶಿಯಾವ್‌ಡಾಂಗ್ ಅನ್ನೋ ಎಂಎಂಎ (ಹೊಡೆತ, ಕುಸ್ತಿ ಎಲ್ಲ ಸೇರಿದ ಆಟ) ಫೈಟರ್ ಒಬ್ಬ ತೈಚಿ ಮಾಸ್ಟರನ್ನ ಕೆಲವೇ ಸೆಕೆಂಡಲ್ಲಿ ನೆಲಕ್ಕೆ ಹಾಕಿದ. ವಿಡಿಯೊ ಇದೆ, ನೋಡು. ಮರದ ಹಾಗೆ ನಿಂತರೆ ಮರದ ಹಾಗೇ ಬೀಳ್ತೀಯ. ಸ್ಕಿಪ್ಪಿಂಗ್ ಹಗ್ಗ ತಗೋ, ಬ್ಯಾಗ್ ಹೊಡಿ.

ನಾಪೋಕ್ಲು ಸಿಸ್ಟರ್

ತಮ್ಮ, ಮೊದಲು ಮಂಡಿ. ಉಳಿದದ್ದು ಆಮೇಲೆ.

ನಾನು 61ರ ಮುದುಕಿ. ಸಿಂಗಾಪುರದಲ್ಲಿ 12 ವರ್ಷ ನರ್ಸ್ ಆಗಿದ್ದೆ, ಈಗ ಊರಲ್ಲಿ ಒಂದಿಷ್ಟು ತೋಟ, ಎರಡು ಹಸು. ತೊಡೆ ಉರಿದರೆ ಉರಿಯಲಿ, ಅದು ಕೆಲಸ ಮಾಡಿ ಗೊತ್ತಿಲ್ಲದ ಸ್ನಾಯುವಿನ ಕೂಗಾಟ. ಮಂಡಿಯ ಒಳಗೆ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು. ಹತ್ತು ದಿನ ಸಹಿಸಿಕೊಂಡೆಯಲ್ಲ, ಅದಕ್ಕೆ ನಿನಗೆ ಬೈಯಬೇಕು. ಮಂಡಿ ಊದಿದರೆ, ಅಥವಾ ಮಡಚಿದಾಗ ಸಿಕ್ಕಿಕೊಂಡ ಹಾಗಾದರೆ, ಇಲ್ಲಿ ಕೇಳುತ್ತಾ ಕೂರಬೇಡ. ಡಾಕ್ಟರ ಹತ್ತಿರ ಹೋಗು.

ನನ್ನ ಊಹೆ ಏನೆಂದರೆ, ನೀನು ಮಂಡಿಯಲ್ಲಿ ಕೂರುತ್ತಿದ್ದೀಯ. ಕೂರಬೇಕಾದ್ದು ತೊಡೆಸಂದಿನಲ್ಲಿ. ಚೀನಾದವರು ಆ ಜಾಗಕ್ಕೆ ಕ್ವಾ ಅನ್ನುತ್ತಾರೆ. ಹೊಟ್ಟೆ ಮುಗಿದು ತೊಡೆ ಶುರುವಾಗುವಲ್ಲಿ ಒಂದು ಮಡಿಕೆ ಇದೆಯಲ್ಲ, ಅದು. ಎರಡೂ ಕೈಯ ಬೆರಳ ತುದಿಯನ್ನು ಆ ಮಡಿಕೆಗೆ ಒತ್ತಿ ಹಿಡಿ. ಎತ್ತರದ ಸ್ಟೂಲಿನ ಅಂಚಿಗೆ ಕುಂಡೆ ತಾಗಿಸುವವನ ಹಾಗೆ ಎರಡೇ ಇಂಚು ಇಳಿ. ಮಡಿಕೆ ನಿನ್ನ ಬೆರಳನ್ನು ನುಂಗಬೇಕು. ನುಂಗದೆ ಮಂಡಿ ಮಾತ್ರ ಮುಂದೆ ಹೋದರೆ ಭಾರವೆಲ್ಲ ಚಿಪ್ಪಿನ ಮೇಲೆ ಬಿತ್ತು ಅಂತ ಲೆಕ್ಕ. ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೇ ಇರಲಿ, ಒಳಗೆ ವಾಲಬಾರದು. ಪಾದದ ಕಮಾನು ಕುಸಿದರೆ ಮಂಡಿ ತಾನಾಗಿ ಒಳಗೆ ವಾಲುತ್ತದೆ, ಅದನ್ನೂ ನೋಡಿಕೋ. ಇನ್ನು 20 ನಿಮಿಷ ಯಾಕೆ? ಐದು ಸಾಕು.

ಈಗ ನಿನ್ನ ಪ್ರಶ್ನೆ.

ನಾನಿದ್ದದ್ದು ತೊವಾ ಪಾಯೋ ಅನ್ನುವ ಕಡೆ. ಅಲ್ಲಿ ಸರ್ಕಾರಿ ಫ್ಲ್ಯಾಟ್‌ಗಳ ಕೆಳಗೆ, ನೆಲಮಹಡಿಯಲ್ಲಿ, ಕಂಬಗಳ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಏಳೆಂಟು ಜನ ಮುದುಕರು ಅಲ್ಲಿ ನಿಧಾನಕ್ಕೆ ಕೈ ಆಡಿಸುತ್ತಿದ್ದರು. ಹೇಳಿಕೊಡುತ್ತಿದ್ದವರನ್ನು ಎಲ್ಲರೂ ಅಂಕಲ್ ಅನ್ನುತ್ತಿದ್ದರು, ನಾನೂ ಅಂದೆ. ಅವರು ಹುವಾಂಗ್ ಶಿಂಗ್‌ಶ್ಯಾನ್ ಅವರ ಪರಂಪರೆಯಲ್ಲಿ ಕಲಿತವರು. ಹುವಾಂಗ್ ಅಂದರೆ ಚೆಂಗ್ ಮಾನ್‌ಚಿಂಗ್ ಅನ್ನುವ ಹೆಸರಾಂತ ತೈಚಿ ಗುರುವಿನ ಶಿಷ್ಯರು. ಸಿಂಗಾಪುರ, ಮಲೇಷ್ಯಾದಲ್ಲಿ ತುಂಬಾ ಜನಕ್ಕೆ ಕಲಿಸಿ 1992ರಲ್ಲಿ ತೀರಿಕೊಂಡರು.

ಅಂಕಲ್‌ಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೂರು ತಿಂಗಳು ನನಗೆ ಹೇಳಿದ್ದು ಒಂದೇ ಮಾತು, ಸೊಂಗ್. ಸಡಿಲ ಬಿಡು ಅಂತ. ನಾನು ಸಡಿಲ ಬಿಟ್ಟೆ. ಅವರು ಹೆಗಲ ಮೇಲೆ ಕೈಯಿಟ್ಟರು, ನಾನು ಕುಸಿದೆ. "ಇದು ಒದ್ದೆ ಬಟ್ಟೆ" ಅಂದರು. ಮಾರನೇ ದಿನ ಗಟ್ಟಿಯಾಗಿ ನಿಂತೆ. ಬೆರಳಲ್ಲಿ ಒತ್ತಿದರು, ಇಡೀ ಮೈ ಹಲಗೆಯ ಹಾಗೆ ಹಿಂದಕ್ಕೆ ಹೋಯಿತು. ಆಮೇಲೆ ಒಂದು ದಿನ ಸೊಂಗ್ ಅನ್ನುವ ಅಕ್ಷರವನ್ನು ಹಳೇ ರೀತಿಯಲ್ಲಿ ಬರೆದು ತೋರಿಸಿದರು. ಅದರ ಮೇಲರ್ಧ ಉದ್ದ ಕೂದಲಿನ ಗುರುತಂತೆ. ತುರುಬು ಬಿಚ್ಚಿದಾಗ ಕೂದಲು ಇಳಿಯುತ್ತದೆ, ಆದರೆ ಬುಡ ತಲೆಯಲ್ಲೇ ಇರುತ್ತದೆ. ಆಗ ಸ್ವಲ್ಪ ಗೊತ್ತಾಯಿತು.

ನೆತ್ತಿಗೆ ದಾರ ಕಟ್ಟಿ ಮೇಲಿಂದ ತೂಗು ಹಾಕಿದ ಹಾಗೆ ತಲೆ. ಮೇಸ್ತ್ರಿ ಗೋಡೆ ನೋಡಲು ಬಿಡುವ ತೂಗುಗುಂಡಿನ ಹಾಗೆ ಬೆನ್ನಿನ ತುದಿಯ ಮೂಳೆ. ನಡುವೆ ಇರುವುದೆಲ್ಲ ಇಳಿಯಬೇಕು. ಹೆಗಲು ಕೆಳಗೆ, ಮೊಣಕೈ ಅದಕ್ಕಿಂತ ಕೆಳಗೆ, ಕಂಕುಳಲ್ಲಿ ಒಂದು ಸಣ್ಣ ಕಿತ್ತಳೆ ಹಿಡಿಯುವಷ್ಟು ಜಾಗ. ನಿನ್ನ ಹೆಗಲು ಉರಿಯುವುದು ಕೈಯನ್ನು ಹೆಗಲಿಂದ ಎತ್ತಿ ಹಿಡಿದಿದ್ದಕ್ಕೆ. ಕೈಯನ್ನು ಎದೆಮಟ್ಟದಿಂದ ಹೊಟ್ಟೆಮಟ್ಟಕ್ಕೆ ಇಳಿಸು, ಯಾರೂ ಬೈಯುವುದಿಲ್ಲ.

ನಿಲ್ಲುವುದರಿಂದ ಬರಬೇಕಾದ್ದು ಇಷ್ಟೇ. ಮೈಯಲ್ಲಿ ಎಲ್ಲೆಲ್ಲಿ ಸುಮ್ನೆ ಬಿಗಿ ಹಿಡಿದಿದ್ದೀಯ ಅಂತ ಗೊತ್ತಾಗಬೇಕು. ಅಲುಗಾಡುತ್ತಿದ್ದರೆ ಅದು ಗೊತ್ತಾಗುವುದಿಲ್ಲ, ಅದಕ್ಕೇ ನಿಲ್ಲಿಸುವುದು. ಬಿಗಿ ಬಿಟ್ಟ ಕಡೆಯೆಲ್ಲ ಭಾರ ಕೆಳಗಿಳಿದು ಪಾದಕ್ಕೆ ಬರುತ್ತದೆ. ಪಾದಕ್ಕೆ ಬಂದ ಭಾರ ನೆಲವನ್ನು ಒತ್ತುತ್ತದೆ. ನೆಲ ವಾಪಸ್ ಒತ್ತುತ್ತದೆ. ಆ ವಾಪಸ್ ಬರುವುದನ್ನು ಕಾಲಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ, ಬೆನ್ನಿಂದ ಕೈಗೆ ಎಲ್ಲೂ ಸೋರದ ಹಾಗೆ ದಾಟಿಸುವುದೇ ಈ ಕಲೆಗಳ ಬಲ. ತೋಳಿನ ಬಲ ಅಲ್ಲ.

ಇದು ಚೀನಾದ ಗುಟ್ಟು ಅಂತ ನನಗೆ ಅನ್ನಿಸುವುದಿಲ್ಲ. ಜನವರಿಯಲ್ಲಿ ಕಾಫಿ ಲಾರಿಗೆ ತುಂಬುವಾಗ ನೋಡು. 50 ಕಿಲೋ ಚೀಲ, ಆಳು ನೋಡಿದರೆ ಸಣಕಲ. ಅವನು ಚೀಲವನ್ನು ಎತ್ತುವುದೇ ಇಲ್ಲ. ಅದರ ಕೆಳಗೆ ಹೋಗಿ ಕೂರುತ್ತಾನೆ, ಚೀಲ ಬೆನ್ನ ಮೇಲೆ ಬಂದು ಕೂರುತ್ತದೆ. ಆಮೇಲೆ ಲಾರಿ ಹತ್ತಲು ಹಾಕಿದ ಹಲಗೆ ಕುಣಿಯುವ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾನೆ. ಅದೇ ಚೀಲ ಜಿಮ್ ಹುಡುಗನ ಬೆನ್ನಿಗೆ ಹಾಕಿ ನೋಡು, ಎರಡನೇ ಹೆಜ್ಜೆಗೆ ಹಲಗೆಯಿಂದ ಹಾರುತ್ತಾನೆ. (ನಮ್ಮ ಮನೆಯಲ್ಲೇ ಆಯಿತು. ತಂಗಿಯ ಮಗ. ಚೀಲವೂ ಹರಿಯಿತು.)

ಇನ್ನೊಂದು. ಮೊದಲು ನಿಲ್ಲಲೇಬೇಕು ಅನ್ನುವುದು ಎಲ್ಲರ ಮಾತಲ್ಲ. ನಿಲ್ಲುವುದನ್ನೇ ನಡುಮನೆಗೆ ತಂದು ಫಾರ್ಮ್‌ಗಳನ್ನು ಹೊರಗಿಟ್ಟವರು ವಾಂಗ್ ಶಿಯಾಂಗ್‌ಜಾಯ್ (1885–1963). ಶಿಂಗ್‌ಯಿ ಅನ್ನುವ ಇನ್ನೊಂದು ಚೀನೀ ಕಲೆ ಕಲಿತವರು, ಆಮೇಲೆ ತಮ್ಮದೇ ಯಿಚುವಾನ್ ಪದ್ಧತಿ ಕಟ್ಟಿದರು. ಹೆನಾನ್ ಪ್ರಾಂತ್ಯದ ಚೆನ್ ಹಳ್ಳಿಯವರು ನಿಲ್ಲುವುದರ ಜೊತೆಗೆ ರೇಷ್ಮೆ ಬಿಚ್ಚುವ ಸುತ್ತು ಅಂತ ಮಾಡಿಸುತ್ತಾರೆ. ರಾಮನಗರದ ಕಡೆ ಗೂಡಿನಿಂದ ನೂಲು ತೆಗೆಯುವುದನ್ನು ನೋಡಿದ್ದೀಯಾ? ಜಗ್ಗಿದರೆ ಹರಿಯಿತು, ಸಡಿಲ ಬಿಟ್ಟರೆ ಸಿಕ್ಕಾಯಿತು. ಹಾಗೆ ಒಂದೇ ಸಮ ಸೊಂಟದಿಂದ ಕೈಯವರೆಗೆ ತಿರುವುತ್ತಾ ಹೋಗುವುದು. ಬಾಗ್ವಾ ಅನ್ನುವ ಮತ್ತೊಂದು ಚೀನೀ ಕಲೆಯವರಂತೂ ನಿಲ್ಲುವುದಕ್ಕಿಂತ ನಡೆಯುವುದೇ ಜಾಸ್ತಿ, ಒಂದು ವೃತ್ತದ ಮೇಲೆ ಸುತ್ತುತ್ತಾ. ಅವರ ಒಂದು ಹೆಜ್ಜೆಗೆ ಕೆಸರು ತುಳಿಯುವ ಹೆಜ್ಜೆ ಅಂತಲೇ ಹೆಸರು. ಹಿಮ್ಮಡಿ ಮೊದಲು ಊರದೆ ಇಡೀ ಪಾದವನ್ನು ಚಪ್ಪಟೆಯಾಗಿ ಜಾರಿಸಿ ಇಡುವುದು. ಅದನ್ನು ಮೊದಲ ಸಲ ಮಾಡಿದಾಗ ನನಗೆ ನಗು ಬಂತು. ಮಳೆಗಾಲದ ಕಕ್ಕಡ ತಿಂಗಳಲ್ಲಿ ನಾಟಿ ಗದ್ದೆಗೆ ಇಳಿದು ಬೆಳೆದವಳಿಗೆ ಅದನ್ನು ಹೇಳಿಕೊಡಬೇಕಾ?

ಶಿಂಗ್‌ಯಿಯವರ ಒಂದು ಲೆಕ್ಕ ನಿನಗೆ ಉಪಯೋಗಕ್ಕೆ ಬರುತ್ತದೆ. ಕೈ ಪಾದದ ಜೊತೆ, ಮೊಣಕೈ ಮಂಡಿಯ ಜೊತೆ, ಹೆಗಲು ಸೊಂಟದ ಜೊತೆ. ಒಂದು ಹೊರಟರೆ ಇನ್ನೊಂದೂ ಹೊರಡಬೇಕು, ಒಂದು ನಿಂತರೆ ಇನ್ನೊಂದೂ ನಿಲ್ಲಬೇಕು. ನೀನು ಹಾಕಿ ಆಡಿದವನು. ಒಳ್ಳೆ ಹಿಟ್ ಬಿದ್ದಾಗ ಕೈಗೆ ಹೊಡೆದದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಅದನ್ನು ನೆನಪು ಮಾಡಿಕೊಂಡು ಫಾರ್ಮ್ ಮಾಡು.

ಚೀ ವಿಷಯ. ಕೈ ಬಹಳ ಹೊತ್ತು ಒಂದೇ ಕಡೆ ಹಿಡಿದರೆ ಬೆರಳು ಜುಮ್ ಅನ್ನುತ್ತದೆ, ಕೆಲವರಿಗೆ ಬೆಚ್ಚಗಾಗುತ್ತದೆ. ನಾನು ನರ್ಸ್, ಅದರಲ್ಲಿ ನನಗೆ ದೇವರು ಕಾಣಲಿಲ್ಲ. ಹೊಕ್ಕುಳ ಕೆಳಗೆ ಮನಸ್ಸಿಡು ಅಂತ ಅಂಕಲ್ ಹೇಳಿದಾಗ ಮಾತ್ರ ಒಪ್ಪಿದೆ. ನಿಂತಾಗ ನಮ್ಮ ಮೈಯ ಭಾರದ ನಡುಬಿಂದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ಕಿಕ್ ಮಾಸ್ಟರ್ ವಿರಾಜಪೇಟೆ

ಸಿಸ್ಟರ್, ಬರೆದದ್ದು ಚೆನ್ನಾಗಿದೆ. ಆದರೆ ನಾನು ಹೇಳಿದ್ದಕ್ಕೆ ಉತ್ತರ ಬರಲಿಲ್ಲ. ಇದರಿಂದ ಫೈಟ್ ಆಗುತ್ತಾ ಇಲ್ವಾ?

ಮಂದ್ ಬದಿ

ಚೀನಾ ತನಕ ಯಾಕೆ ಹೋಗಬೇಕು? ಪುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮ ಊರ ಬಯಲು, ಮಂದ್‌ನಲ್ಲಿ ಪರೆಯಕಳಿ ಆಡುವುದಿಲ್ವಾ. ಗುರಾಣಿ ಹಿಡಿದು ಬೆತ್ತದಲ್ಲಿ ಕಾಲಿಗೆ ಹೊಡೆಯುವಾಗ ಯಾರ ಪಾದ ಸತ್ತಿದೆ, ಯಾರದ್ದು ಬದುಕಿದೆ ಅಂತ ಒಂದೇ ಏಟಿಗೆ ಗೊತ್ತಾಗುತ್ತದೆ. ಎಲ್ಲ ಒಂದೇ.

ನಾಪೋಕ್ಲು ಸಿಸ್ಟರ್

ಮಂದ್ ಬದಿಯವರೇ, ಪಾದದ ಮಾತು ಸರಿ. ಎಲ್ಲ ಒಂದೇ ಅನ್ನುವುದು ಸರಿಯಲ್ಲ. ಪರೆಯಕಳಿಯಲ್ಲಿ ಏಟು ಬರುವ ಮೊದಲೇ ಕಾಲು ತೆಗೆಯಬೇಕು. ತೈಚಿಯ ಕೈ ತಳ್ಳಾಟದಲ್ಲಿ ತಾಗಿದ ಮೇಲೇ ಆಟ ಶುರು. ತಾಗಿದ ಕೈಯಿಂದ ಎದುರಿನವನ ಭಾರ ಎಲ್ಲಿದೆ ಅಂತ ಕೇಳಿಸಿಕೊಳ್ಳುವುದು. ಬೇರೆ ಬೇರೆ ಬುದ್ಧಿ ಅವು.

ಕಿಕ್ ಮಾಸ್ಟರ್, ಫೈಟ್ ಆಗುವುದಿಲ್ಲ. ಬರೀ ನಿಂತು, ಬರೀ ಫಾರ್ಮ್ ಮಾಡಿದರೆ ಖಂಡಿತ ಆಗುವುದಿಲ್ಲ. ಏಟು ತಿನ್ನದವನು ಏಟಿಗೆ ಕಣ್ಣು ಮುಚ್ಚುತ್ತಾನೆ, ಯಾವ ಕಲೆಯಾದರೂ ಅಷ್ಟೇ. ಆ ವಿಡಿಯೊ ನಾನೂ ನೋಡಿದ್ದೇನೆ. ಹೊಡೆದಾಡಿ ಅಭ್ಯಾಸ ಇರುವವನು ಇಲ್ಲದವನನ್ನು ಹೊಡೆದ. ಅದರಲ್ಲಿ ಆಶ್ಚರ್ಯ ಏನು? ಆದರೆ ಈ ಹುಡುಗ ಕೇಳಿದ್ದು ಫೈಟ್ ಬಗ್ಗೆ ಅಲ್ಲ. ಕುರ್ಚಿಗೆ ಅಂಟಿದ ಮೈ ಬಗ್ಗೆ. 2016ರಲ್ಲಿ ಬಾಸ್ಟನ್‌ನ ಡಾಕ್ಟರುಗಳು ಮಂಡಿ ಸವೆದ 204 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರ ತೈಚಿ, ಇನ್ನೊಂದಕ್ಕೆ ಫಿಸಿಯೊಥೆರಪಿ ಕೊಟ್ಟು ನೋಡಿದ ವರದಿ ಬಂತು. ನೋವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇಳಿದಿತ್ತು. ನನಗೆ ಅಷ್ಟು ಸಾಕು. ನಿನ್ನ ಸ್ಕಿಪ್ಪಿಂಗ್ ಹಗ್ಗ ಈ ಮಂಡಿಗೆ ಈಗ ಬೇಡ, ದಮ್ಮಯ್ಯ.

ಐಗೂರು ಹುಡುಗ, ನಗುವ ಅಪ್ಪನನ್ನು ಸುಮ್ನೆ ಕೂರಿಸಬೇಡ, ಕೆಲಸಕ್ಕೆ ಹಚ್ಚು. ಒಂದು ಕಾಲು ಹಿಂದಿಟ್ಟು ನಿಲ್ಲು, ಮುಂಗೈ ಎದೆ ಮುಂದೆ ಹಿಡಿ. ಅದರ ಮೇಲೆ ನಿಧಾನಕ್ಕೆ ಒತ್ತು ಹಾಕಲು ಹೇಳು. ನೀನು ವಾಪಸ್ ತಳ್ಳಬೇಡ, ಕುಸಿಯಲೂ ಬೇಡ. ಗಾಳಿ ತುಂಬಿದ ಚೆಂಡಿನ ಹಾಗೆ ಇರು. ಅವರ ಒತ್ತು ನಿನ್ನ ಹಿಂದಿನ ಪಾದದ ಅಡಿಗೆ ಹೋಗಿ ಮುಟ್ಟುತ್ತದಾ ನೋಡು. ಹೆಗಲಲ್ಲೋ ಸೊಂಟದಲ್ಲೋ ಸಿಕ್ಕಿಕೊಂಡರೆ ಅಲ್ಲಿ ಬಿಗಿ ಇದೆ. ಎರಡು ವಾರ ಬಿಟ್ಟು ಬರೆ.

ಐಗೂರು ಹುಡುಗ

ಅಕ್ಕ, ಎರಡು ವಾರ ಆಯಿತು. ಐದು ನಿಮಿಷಕ್ಕೆ ಇಳಿಸಿದೆ. ಬೆರಳು ನುಂಗುವ ಪರೀಕ್ಷೆ ಮಾಡಿದೆ, ಮೊದಲ ದಿನ ನುಂಗಲೇ ಇಲ್ಲ. ನೀವು ಹೇಳಿದ್ದು ಸರಿ, ಬರೀ ಮಂಡಿ ಮುಂದೆ ಹೋಗುತ್ತಿತ್ತು. ಈಗ ಬರುತ್ತಿದೆ. ಹೆಗಲ ಉರಿ ಪೂರ್ತಿ ಹೋಯಿತು.

ಅಪ್ಪ ಮೊದಲು ಒಪ್ಪಲಿಲ್ಲ, ಆಮೇಲೆ ಒತ್ತಿದರು. ನಾನು ನೇರ ಹೋಗಿ ಜಗಲಿ ಕಂಬಕ್ಕೆ. ನಾಲ್ಕು ದಿನ ಇದೇ ಕಥೆ. ಐದನೇ ದಿನ ನಾನೇ ಅವರನ್ನು ಒತ್ತಿದೆ. ಅವರು ಬೀಡಿ ಹಚ್ಚುತ್ತಾ ನಿಂತಿದ್ದರು, ಅಲ್ಲಾಡಲಿಲ್ಲ. ತೋಳು ಮುಟ್ಟಿದರೆ ಮೆತ್ತಗೆ, ತಳ್ಳಿದರೆ ಗೋಡೆ. ಮದುವೆಗೆ ಮೊದಲು ಹತ್ತು ವರ್ಷ ಲೋಡಿಂಗ್ ಮಾಡಿದವರು ಅವರು. ಅದು ನನಗೆ ಗೊತ್ತಿದ್ದ ವಿಷಯವೇ, ನಿಮ್ಮ ಚೀಲದ ಮಾತು ಓದುವವರೆಗೆ ಇದಕ್ಕೆ ಜೋಡಿಸಿ ನೋಡಿರಲಿಲ್ಲ. ಹೇಗೆ ಮಾಡಿದಿರಿ ಅಂದರೆ, "ಏನು ಮಾಡ್ದೆ? ನಿಂತಿದ್ದೆ" ಅನ್ನುತ್ತಾರೆ. ಈಗ ದಿನಾ ಸಂಜೆ ಒತ್ತುತ್ತಾರೆ. ನಿನ್ನೆ ಮೊದಲ ಸಲ ಒತ್ತು ಹಿಂದಿನ ಪಾದಕ್ಕೆ ಹೋಯಿತು, ಎರಡು ಸೆಕೆಂಡ್ ಇರಬಹುದು.

ಎಡ ಮಂಡಿ ಮುಕ್ಕಾಲು ಪಾಲು ವಾಸಿ. ಆದರೆ ಬೆಳಿಗ್ಗೆ ನಿಂತಾಗ ಮಾತ್ರ ಸ್ವಲ್ಪ ಹಿಡಿಯುತ್ತದೆ. ಸಂಜೆ ಇಲ್ಲ. ಯಾಕಿರಬಹುದು?

ನಾಪೋಕ್ಲು ಸಿಸ್ಟರ್

ಬೆಳಿಗ್ಗೆ ಎಲ್ಲಿ ನಿಲ್ಲುತ್ತೀಯ? ಕಾಲಿಗೆ ಏನು ಹಾಕಿರುತ್ತೀಯ?

ಐಗೂರು ಹುಡುಗ

ಅಂಗಳದಲ್ಲಿ ಅಕ್ಕ. ಸಂಜೆಯಾದರೆ ಜಗಲಿಯಲ್ಲಿ, ಬರಿಗಾಲು. ಬೆಳಿಗ್ಗೆ ಅಂಗಳ ಒದ್ದೆ, ಜಿಗಣೆ ಬೇರೆ. ಗಂಬೂಟ್ ಹಾಕಿ ನಿಲ್ಲುತ್ತೇನೆ.

ನಾಪೋಕ್ಲು ಸಿಸ್ಟರ್

ಅಯ್ಯೋ ರಾಮ. ಗಂಬೂಟ್‌ಗೆ ಹಿಮ್ಮಡಿ ಎತ್ತರ ತಮ್ಮ, ಭಾರ ಮುಂದಕ್ಕೆ ಹೋಗುತ್ತದೆ. ಪಾದಕ್ಕೆ ನೆಲವೂ ಗೊತ್ತಾಗುವುದಿಲ್ಲ. ಬೆಳಿಗ್ಗೆಯೂ ಜಗಲಿಯಲ್ಲೇ ನಿಲ್ಲು. ಇಲ್ಲ ಅಂಗಳವೇ ಬೇಕು ಅಂದರೆ ಪಾದಕ್ಕೆ ಸ್ವಲ್ಪ ಬೇವಿನೆಣ್ಣೆ ಹಚ್ಚಿಕೊಂಡು ಬರಿಗಾಲಲ್ಲಿ ನಿಲ್ಲು. ಐದು ನಿಮಿಷಕ್ಕೆ ಒಂದು ಜಿಗಣೆ ಹತ್ತಿದರೆ ಹತ್ತಲಿ.