ಕೇಕಿನ ಮೇಲೆ ಆನೆ, ಸಿಂಹ, ಜಿರಾಫೆ: ಗೊಂಬೆಗಳನ್ನು ಯಾವುದರಲ್ಲಿ ಮಾಡುವುದು?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಕಾಡುಪ್ರಾಣಿಗಳ ಕೇಕನ್ನು ಮನೆಯಲ್ಲಿಯೇ ಮಾಡಬೇಕೆಂದಿದ್ದೇನೆ. ವಿಪ್ಡ್ ಕ್ರೀಮ್ ಹಚ್ಚಿದ ಕೇಕಿನ ಮೇಲೆ ಆನೆ, ಸಿಂಹ, ಜಿರಾಫೆಗಳನ್ನು ನಿಲ್ಲಿಸುವ ಯೋಚನೆಯಿದೆ. ಗೊಂಬೆಗಳನ್ನು ಯಾವುದರಲ್ಲಿ, ಎಷ್ಟು ಮುಂಚೆ ಮಾಡಿಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿರಿ.

ಉತ್ತರ 1: ಫಾಂಡಂಟ್ (ನಾದಿ ಆಕಾರ ಕೊಡುವ ಸಕ್ಕರೆಯ ಹಿಟ್ಟು) ಬಿಟ್ಟರೆ ಬೇರೆ ದಾರಿಯಿಲ್ಲ. ನನ್ನ ಮಗನ ಕೇಕಿಗೆ ಜಿರಾಫೆ ಮಾಡುವಾಗ ಗಟ್ಟಿಯಾಗಿ ಒಣಗಲೆಂದು ಸಿಎಂಸಿ ಎಂಬ ಅಂಟಿನ ಪುಡಿ ಬೆರೆಸಿ ನಾದಿ, ಕಾಲುಗಳನ್ನು ಮೊದಲು ಒಣಗಿಸಿ, ಅವು ಗಟ್ಟಿಯಾದ ಮೇಲೆ ಮೈಯನ್ನು ಕೂರಿಸಿ, ಕತ್ತಿನೊಳಗೆ ಒಣ ಸ್ಪಗೆಟ್ಟಿ (ಉದ್ದನೆಯ ಪಾಸ್ತಾ) ಕಡ್ಡಿಯನ್ನು ತೂರಿಸಿದ್ದೆ. ಅಷ್ಟೆಲ್ಲ ಮಾಡಿದರೂ ಮಳೆಯ ತೇವಕ್ಕೆ ಕತ್ತು ಬೆಳಗಾಗುವಷ್ಟರಲ್ಲಿ ವಾಲಿತು. ಹಳದಿ ಫಾಂಡಂಟ್ ಪೂರ್ತಿ ಮುಗಿದಿದ್ದರಿಂದ ಬಿಳಿಯದಕ್ಕೆ ಜೆಲ್ ಬಣ್ಣ ಕಲಸಿ, ಕಾಲು ಮಡಚಿ ಮಲಗಿದ ಜಿರಾಫೆಯನ್ನು ಮತ್ತೆ ಮಾಡಿದೆ. ಅದು ಕೊನೆಯವರೆಗೂ ಅಲುಗಲಿಲ್ಲ.

ಉತ್ತರ 2: ಫಾಂಡಂಟ್ ಗೊಂಬೆಗಳನ್ನು ಮಕ್ಕಳು ಒಮ್ಮೆ ನೆಕ್ಕಿ ತಟ್ಟೆಯ ಅಂಚಿಗೆ ತಳ್ಳುತ್ತಾರೆ, ತಿನ್ನದಿರುವುದಕ್ಕೆ ಅಷ್ಟು ದುಡಿಮೆ ಏಕೆ? ನಾನು ಸಿಂಹದ ಮುಖವನ್ನು ಬೆಣ್ಣೆ, ಸಕ್ಕರೆ ಕಡೆದ ಬಟರ್‌ಕ್ರೀಮಿನಲ್ಲಿಯೇ ಬಿಡಿಸುತ್ತೇನೆ. ಹುಲ್ಲು ಬಿಡಿಸುವ, ಹಲವು ತೂತುಗಳ ನಾಝಲ್ಲಿನಿಂದ (ಕ್ರೀಮ್ ಹಿಂಡುವ ಚೀಲದ ತುದಿಗೆ ಹಾಕುವ ಮೂತಿ) ಕೇಸರವನ್ನು ಹೊರಸುತ್ತಿನಿಂದ ಒಳಕ್ಕೆ ಸಾಲುಸಾಲಾಗಿ ತಂದರೆ ಮಾತ್ರ ಕೂದಲು ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ. ಕಪ್ಪು ಬಣ್ಣಕ್ಕೆ ಮೊದಲು ಕೋಕೋ ಬೆರೆಸಿ, ಆಮೇಲೆ ಸ್ವಲ್ಪವೇ ಜೆಲ್ ಸೇರಿಸಿ ರಾತ್ರಿಯಿಡೀ ಇಟ್ಟರೆ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಒಂದು ಸೆಕೆಗಾಲದಲ್ಲಿ ಅಂಗೈಯ ಬಿಸಿಗೇ ಚೀಲದೊಳಗಿನ ಬೆಣ್ಣೆ ಕರಗಿ ಕೇಸರವೆಲ್ಲ ಕೆಳಗೆ ಜಾರಿತು. ಎಲ್ಲವನ್ನೂ ಕೆರೆದು ತೆಗೆದು, ಕೇಕನ್ನು ತಣ್ಣಗಾಗಿಸಿ, ಮಣಿಕಟ್ಟು ಊದಿಕೊಳ್ಳುವವರೆಗೂ ಪುನಃ ಬಿಡಿಸಿದೆ. ಆದರೂ ಬಟರ್‌ಕ್ರೀಮನ್ನು ಬಿಟ್ಟಿಲ್ಲ.

ಉತ್ತರ 1: ನಿಲ್ಲುವ ಗೊಂಬೆಯನ್ನು ಕೇಳಿದವರಿಗೆ ಚಪ್ಪಟೆ ಮುಖದ ವರ್ಣನೆ ಏಕೆ? ಸೊಂಡಿಲೆತ್ತಿದ ಆನೆಯನ್ನು ಬೆಣ್ಣೆಯಲ್ಲಿ ನಿಲ್ಲಿಸಿ ತೋರಿಸಿ, ಆಮೇಲೆ ಮಾತನಾಡೋಣ.

ಉತ್ತರ 3: ಇಬ್ಬರೂ ವಿಪ್ಡ್ ಕ್ರೀಮನ್ನೇ ಮರೆತಿದ್ದೀರಿ. ಅದರ ನೀರಿನಂಶಕ್ಕೆ ಫಾಂಡಂಟಿನ ಸಕ್ಕರೆ ಕರಗುತ್ತದೆ. ಸಾಮಗ್ರಿ ಮಾರುವವರು ಏನೂ ಆಗುವುದಿಲ್ಲವೆಂದು ಭರವಸೆ ಕೊಟ್ಟಿದ್ದರಿಂದ ನನ್ನ ಆನೆಯನ್ನು ಸಂಜೆಯೇ ಕೂರಿಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಪಾದಗಳು ಅಂಟಾಗಿ, ಬೂದು ಬಣ್ಣ ಬಿಳಿ ಕ್ರೀಮಿಗೆ ಇಳಿದಿತ್ತು. ವಾರಗಟ್ಟಲೆ ಒಣಗಿಸಿದ ಗೊಂಬೆ ಅದು, ಆ ಸಂಕಟ ಇನ್ನೂ ಆರಿಲ್ಲ. ಈಗ ಚಾಕೊಲೇಟಿಗೆ ಗ್ಲೂಕೋಸ್ ಸಿರಪ್ ಬೆರೆಸಿದ ಹಿಟ್ಟಿನಲ್ಲಿ ಗೊಂಬೆ ಮಾಡಿ, ಪಾದದಡಿ ತೆಳುವಾದ ಚಾಕೊಲೇಟ್ ಬಿಲ್ಲೆಯಿಟ್ಟು, ಕತ್ತರಿಸುವ ಸ್ವಲ್ಪ ಮುಂಚೆಯಷ್ಟೇ ನಿಲ್ಲಿಸುತ್ತೇನೆ. ತಲೆಗೆ ಟೂತ್‌ಪಿಕ್ ಆಸರೆ ಕೊಡುತ್ತೇನೆ.

ಉತ್ತರ 1: ಮಕ್ಕಳು ಕಚ್ಚುವ ಗೊಂಬೆಯೊಳಗೆ ಟೂತ್‌ಪಿಕ್ಕೇ? ಇದನ್ನು ಸಲಹೆಯೆಂದು ಬರೆಯಲು ನಿಮಗೆ ಹೇಗೆ ಮನಸ್ಸು ಬಂತು?

ಉತ್ತರ 3: ಬಡಿಸುವ ಮುನ್ನ ನಾನೇ ಎಣಿಸಿ ತೆಗೆಯುತ್ತೇನೆ. ತೇವ ಹೀರಿ ಮೆತ್ತಗಾಗುವ ನಿಮ್ಮ ಸ್ಪಗೆಟ್ಟಿಯನ್ನು ನಂಬಿದ ಜಿರಾಫೆಯ ಕತ್ತು ಏನಾಯಿತೆಂದು ನೀವೇ ಬರೆದಿದ್ದೀರಿ.