ಆಸ್ಕಿ ಪರೀಕ್ಷೆಯ ಎಲ್ಲ ಸ್ಟೇಷನ್‌ಗಳಿಗೂ ಶೇ. 50 ಪಾಸ್ ಮಾರ್ಕ್ ಇಡುವುದು ನ್ಯಾಯವೇ?

ಪ್ರಶ್ನೆ (ಮೆಡಿಸಿನ್ ಬೋಧಕಿ, ಕೋಲಾರ)

ನಮ್ಮ ವಿಭಾಗದ ಇಂಟರ್ನಲ್ ಪರೀಕ್ಷೆಯನ್ನು ಆಸ್ಕಿ (OSCE) ಮಾದರಿಯಲ್ಲಿ, ಅಂದರೆ ವಿದ್ಯಾರ್ಥಿಗಳು ಒಂದೊಂದು ಕೌಶಲಕ್ಕೆ ಮೀಸಲಾದ ಸ್ಟೇಷನ್‌ಗಳನ್ನು ಸರದಿಯಲ್ಲಿ ದಾಟುತ್ತಾ ಹೋಗುವಂತೆ, ತಲಾ 20 ಅಂಕಗಳ ಸ್ಟೇಷನ್‌ಗಳಲ್ಲಿ ನಡೆಸುತ್ತಿದ್ದೇವೆ. ಪ್ರತಿ ಸ್ಟೇಷನ್‌ನಲ್ಲಿಯೂ ಶೇ. 50, ಅಂದರೆ 10 ಅಂಕ ಬಂದರೆ ಪಾಸು. ಆದರೆ ರಕ್ತದೊತ್ತಡ ನೋಡುವ ಸ್ಟೇಷನ್‌ನಲ್ಲಿ, ಮೊದಲು ನಾಡಿ ಹಿಡಿದು ಸಿಸ್ಟಾಲಿಕ್ ಒತ್ತಡವನ್ನು ಅಂದಾಜು ಮಾಡದೆ ನೇರವಾಗಿ ಸ್ಟೆತಾಸ್ಕೋಪ್ ಇಟ್ಟವರಿಗೂ ಚೆಕ್‌ಲಿಸ್ಟ್ (ಮಾಡಬೇಕಾದ ಹಂತಗಳ ಅಂಕಪಟ್ಟಿ) ಪ್ರಕಾರ 14 ಸಿಗುತ್ತದೆ. ಅದೇ ಮುಳಬಾಗಿಲು ಕಡೆಯ, ತೆಲುಗು ಮಾತ್ರ ಆಡುವ ರೋಗಿಯಿಂದ ಎದೆನೋವಿನ ವಿವರ ಕೇಳಬೇಕಾದಲ್ಲಿ ಚುರುಕಾದ ವಿದ್ಯಾರ್ಥಿಗಳೂ 9ಕ್ಕೆ ನಿಲ್ಲುತ್ತಾರೆ. ಪಾಸ್ ಮಾರ್ಕನ್ನು ಯಾವ ಆಧಾರದ ಮೇಲೆ ಗೊತ್ತುಮಾಡಬೇಕು?

ಉತ್ತರ 1 (ತುಮಕೂರು)

ಮೇಡಂ, ರೋಗಿ ಮತ್ತು ಪರೀಕ್ಷಕರ ಅದೃಷ್ಟದಾಟ ತಪ್ಪಲೆಂದೇ ವೈದ್ಯಕೀಯ ಶಿಕ್ಷಣತಜ್ಞ ಹಾರ್ಡೆನ್ ಮತ್ತು ಸಂಗಡಿಗರು 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಈ ಪದ್ಧತಿಯನ್ನು ಮುಂದಿಟ್ಟರು. ಸ್ಟೇಷನ್‌ನ ಕಷ್ಟವನ್ನೇ ಲೆಕ್ಕಿಸದ ಪಾಸ್ ಮಾರ್ಕ್ ಆ ಅದೃಷ್ಟವನ್ನು ಹಿಂಬಾಗಿಲಿನಿಂದ ಒಳಗೆ ಕರೆಯುತ್ತದೆ. ಬಾರ್ಡರ್‌ಲೈನ್ ರಿಗ್ರೆಷನ್ ವಿಧಾನವನ್ನು ಬಳಸಿ ನೋಡಿ. ಪರೀಕ್ಷಕರು ಚೆಕ್‌ಲಿಸ್ಟ್ ತುಂಬುವುದರ ಜೊತೆಗೆ, ಅಂಕ ಕೂಡುವ ಮೊದಲೇ, ವಿದ್ಯಾರ್ಥಿಯ ಒಟ್ಟಾರೆ ನಿರ್ವಹಣೆಗೆ ಫೇಲ್, ಬಾರ್ಡರ್‌ಲೈನ್ (ಪಾಸು-ಫೇಲಿನ ಅಂಚು), ಪಾಸ್, ಉತ್ತಮ ಎಂದು 1ರಿಂದ 4ರವರೆಗೆ ಒಂದು ದರ್ಜೆ ಕೊಡಬೇಕು. ಎಲ್ಲರ ದರ್ಜೆ ಮತ್ತು ಚೆಕ್‌ಲಿಸ್ಟ್ ಅಂಕಗಳನ್ನು ಎದುರುಬದುರಿಟ್ಟು, ಎಕ್ಸೆಲ್‌ನ ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಸೂತ್ರಗಳಿಂದ ಅವಕ್ಕೆ ಹೊಂದುವ ಗೆರೆ ಎಳೆದಾಗ 2ನೇ ದರ್ಜೆಗೆ ಎದುರಾಗಿ ಬರುವ ಚೆಕ್‌ಲಿಸ್ಟ್ ಅಂಕವೇ ಆ ಸ್ಟೇಷನ್‌ನ ಪಾಸ್ ಮಾರ್ಕ್. ನಿಮ್ಮ ರಕ್ತದೊತ್ತಡದ ಸ್ಟೇಷನ್‌ಗೆ ಅದು 14 ದಾಟಿದರೆ ಆಶ್ಚರ್ಯವಿಲ್ಲ. ಅಂಕ ಕೂಡಿಸಿದ ಮೇಲೆ ಅದಕ್ಕೆ ಹೊಂದುವ ದರ್ಜೆ ಬರೆಯುವ ನಮ್ಮವರ ಹಳೆಯ ಚಾಳಿ ತಪ್ಪದಿದ್ದರೆ ಇದಿಷ್ಟೂ ವ್ಯರ್ಥ.

ಉತ್ತರ 2 (ಚಿಕ್ಕಬಳ್ಳಾಪುರ)

ಬ್ಯಾಚ್ ದೊಡ್ಡದಿದ್ದರೆ ಇದು ಸರಿ. ಮರುಪರೀಕ್ಷೆಗೆ ಬೆರಳೆಣಿಕೆಯ ವಿದ್ಯಾರ್ಥಿಗಳು ಕುಳಿತಾಗ ಆ ಗೆರೆಯನ್ನು ನಂಬುವಂತಿಲ್ಲ. ಆಗ ಆ್ಯಂಗಾಫ್ ವಿಧಾನವೇ ಲೇಸು: ಕನಿಷ್ಠ ಅರ್ಹತೆಯ ವಿದ್ಯಾರ್ಥಿಯೊಬ್ಬನು ಚೆಕ್‌ಲಿಸ್ಟಿನ ಪ್ರತಿ ಅಂಶವನ್ನೂ ಸರಿಯಾಗಿ ಮಾಡುವ ಸಾಧ್ಯತೆ ಎಷ್ಟೆಂದು ನಾಲ್ಕಾರು ಬೋಧಕರು ಪರೀಕ್ಷೆಗೆ ಮುಂಚೆಯೇ ಪ್ರತ್ಯೇಕವಾಗಿ ಅಂದಾಜಿಸಿ, ಚರ್ಚಿಸಿ, ಸರಾಸರಿ ತೆಗೆಯುತ್ತಾರೆ. ಹಿರಿಯ ಬೋಧಕರ ಅಂದಾಜು ಸಾಮಾನ್ಯವಾಗಿ ವಿಪರೀತ ಬಿಗಿಯಾಗಿರುತ್ತದೆ. ಹಿಂದಿನ ಬ್ಯಾಚಿನ ಅಂಕಗಳನ್ನು ಅವರ ಮುಂದಿಡಿ.

ಇನ್ನು ತೆಲುಗು ರೋಗಿಯ ವಿಷಯ. ಅಲ್ಲಿ ಪಾಸ್ ಮಾರ್ಕ್ ಇಳಿಸುವುದು ಪರಿಹಾರವಲ್ಲ. ಕೇರಳದಿಂದಲೋ ಉತ್ತರ ಭಾರತದಿಂದಲೋ ಬಂದ ವಿದ್ಯಾರ್ಥಿಯ ತೆಲುಗನ್ನು ನೀವು ಅಳೆಯುತ್ತಿದ್ದೀರಿ, ಎದೆನೋವಿನ ತಿಳಿವಳಿಕೆಯನ್ನಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆ ಸ್ಟೇಷನ್‌ಗೆ ಭಾಷೆ ಬಲ್ಲ ಇಂಟರ್ನ್ ಒಬ್ಬರನ್ನು ದುಭಾಷಿಯಾಗಿ ಕೂರಿಸುತ್ತೇವೆ. ಸ್ಟೇಷನ್‌ಗಳ ಪಾಸ್ ಮಾರ್ಕ್‌ಗಳನ್ನು ಕೂಡಿ ಒಟ್ಟು ಮಿತಿ ಇಟ್ಟರೆ, ಅರ್ಧ ಸ್ಟೇಷನ್‌ಗಳಲ್ಲಿ ಎಡವಿದವರೂ ಉಳಿದವುಗಳ ಬಲದಿಂದ ದಾಟುವುದಿಲ್ಲವೇ?

ಉತ್ತರ 1

ದಾಟಬಹುದು. ಆದ್ದರಿಂದಲೇ ಒಟ್ಟು ಅಂಕದ ಜೊತೆಗೆ ಇಂತಿಷ್ಟು ಸ್ಟೇಷನ್‌ಗಳಲ್ಲಾದರೂ ಪಾಸಾಗಿರಬೇಕೆಂಬ ನಿಯಮವನ್ನೂ ಸೇರಿಸುತ್ತಾರೆ. ಆ ಸಂಖ್ಯೆಯನ್ನು ಪರೀಕ್ಷೆಗೆ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿಬಿಡಿ.