ಕಿರಿಬಾಟಿ ದೇಶದಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ?

ಅಟ್ಲಾಸ್‌ಪ್ರಿಯ:
ನಿನ್ನೆ ಮಗಳ ಜೊತೆ ಅಟ್ಲಾಸ್ ನೋಡುತ್ತಿದ್ದೆ. ಪೆಸಿಫಿಕ್ ನಡುವೆ ಕಿರಿಬಾಟಿ ಅಂತ ಒಂದು ದೇಶ ಇದೆ. 33 ದ್ವೀಪ, ಎಲ್ಲ ಸೇರಿದರೂ ನೆಲ 811 ಚದರ ಕಿ.ಮೀ. ಅಷ್ಟೇ. ಆದರೆ ಅದರ ಪಾಲಿನ ಸಮುದ್ರ ಸುಮಾರು 35 ಲಕ್ಷ ಚದರ ಕಿ.ಮೀ., ಭಾರತಕ್ಕಿಂತ ಸ್ವಲ್ಪ ಜಾಸ್ತಿ. ನದಿ ಇಲ್ಲ, ಬೆಟ್ಟ ಇಲ್ಲ. "ಹಾಗಾದ್ರೆ ಕುಡಿಯೋಕೆ ನೀರು?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮತ್ತೆ, ಹೆಸರನ್ನು ಕಿರಿಬಾಸ್ ಅನ್ನಬೇಕಂತೆ, ನಿಜವಾ?

ಪದಪುಟ:
ನಿಜ. ಅವರ ಲಿಪಿಯಲ್ಲಿ 'ಸ'ಕ್ಕೆ ಬೇರೆ ಅಕ್ಷರ ಇಲ್ಲ. 'ಟಿ' ಅಂತ ಬರೆದು 'ಸ್' ಅನ್ನುತ್ತಾರೆ. ಬ್ರಿಟಿಷರ ಕಾಲದ ಹೆಸರು ಗಿಲ್ಬರ್ಟ್ಸ್, ಅದೇ ಅವರ ಬಾಯಲ್ಲಿ ಕಿರಿಬಾಸ್ ಆಯಿತು. 1979ರ ಜುಲೈ 12ಕ್ಕೆ ಸ್ವತಂತ್ರವಾದಾಗ ಅದನ್ನೇ ದೇಶದ ಹೆಸರು ಮಾಡಿಕೊಂಡರು. ಕಿರಿಟಿಮಾಟಿ ಅಂತ ಒಂದು ದ್ವೀಪ ಇದೆ, ಜೋರಾಗಿ ಕಿರಿಸ್ಮಾಸ್ ಅಂತ ಓದಿ ನೋಡಿ. ಕ್ರಿಸ್ಮಸ್! 1777ರಲ್ಲಿ ಕ್ಯಾಪ್ಟನ್ ಕುಕ್ ಹಬ್ಬದ ಹಿಂದಿನ ದಿನ ಅಲ್ಲಿಗೆ ಬಂದಿದ್ದ.

ಕಡಲಹಾದಿ:
ನಾನು ಮಂಗಳೂರಿನವನು, ಹಡಗಿನಲ್ಲಿ ಕೆಲಸ. ಕಿರಿಬಾಸ್‌ನ ಹುಡುಗರ ಜೊತೆ ಎರಡು ಸಲ ಕಡಲಿಗೆ ಹೋಗಿದ್ದೇನೆ, ಒಳ್ಳೆಯ ನಾವಿಕರು. ನೀರಿನ ವಿಷಯ ನನಗೆ ಗೊತ್ತಾಗಿದ್ದು ಅವರಿಂದಲೇ.

ಅವು ಹವಳದ ದ್ವೀಪಗಳು, ಕಡಲಿನಿಂದ ಎರಡು ಮೂರು ಮೀಟರ್ ಎತ್ತರ ಅಷ್ಟೇ. ಮಳೆ ನೀರು ಹವಳದ ಮರಳಲ್ಲಿ ಇಂಗಿ ಕೆಳಗಿನ ಉಪ್ಪು ನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಿಹಿ ನೀರು ಹಗುರ ಅಲ್ವಾ, ಅದಕ್ಕೆ. ಬಾವಿ ತೋಡಿ ಅದನ್ನೇ ಕುಡಿಯುತ್ತಾರೆ. ಆ ನೀರು ಸಿಗುವ ತನಕ ದೊಡ್ಡ ಗುಂಡಿ ತೆಗೆದು ಅದರಲ್ಲಿ ಬಾಬಾಯ್ ಬೆಳೆಸುತ್ತಾರೆ. ನಮ್ಮ ಕೆಸುವಿನ ಜಾತಿಯದೇ, ಎಲೆ ಮಾತ್ರ ಆಳೆತ್ತರ. ಒಂದೊಂದು ಗಿಡದ ಬುಡಕ್ಕೂ ಎಲೆಯ ಬುಟ್ಟಿ ಹೆಣೆದು, ಒಳಗೆ ಸೊಪ್ಪಿನ ಗೊಬ್ಬರ ತುಂಬುತ್ತಾ ಮಕ್ಕಳಂತೆ ಸಾಕುತ್ತಾರೆ. ದೊಡ್ಡ ಉಬ್ಬರ ಬಂದು ಗುಂಡಿಗೆ ಉಪ್ಪು ನೀರು ನುಗ್ಗಿದರೆ ಗಿಡ ಹಳದಿಯಾಗಿ ಸಾಯುತ್ತದೆ. ಸಮುದ್ರ ಏರುತ್ತಿದೆ ಅಂದರೆ ದ್ವೀಪ ಮುಳುಗೋದನ್ನೇ ನಾವು ಯೋಚಿಸುತ್ತೇವೆ, ಆದರೆ ಅದಕ್ಕೂ ಮುಂಚೆ ಹೋಗುವುದು ಈ ನೀರು.

ತೆಂಗಿನ ಹೊಂಬಾಳೆಯ ನೀರಾ ಕೂಡ ಇದೆ, ಕರೆವೆ ಅನ್ನುತ್ತಾರೆ. ಒಬ್ಬ ಗೆಳೆಯನ ಅಪ್ಪ ಬೆಳಿಗ್ಗೆ ಸಂಜೆ ಮರ ಹತ್ತಿ, ಮೇಲೆ ಕೂತು ಜೋರಾಗಿ ಹಾಡುತ್ತಲೇ ಹೊಂಬಾಳೆ ಕೆತ್ತುತ್ತಿದ್ದರಂತೆ. ಅದನ್ನು ಕುದಿಸಿದರೆ ಕಮಾಯ್‌ಮಾಯ್. ನಾನು ತಿಂದಿದ್ದೇನೆ, ಥೇಟ್ ಜೋನಿಬೆಲ್ಲ.

ಹಳೆನಕ್ಷೆ:
ಎತ್ತರದ ದ್ವೀಪವೂ ಒಂದಿದೆ, ಬನಾಬಾ, ಸುಮಾರು 80 ಮೀಟರ್. ಅಲ್ಲಿ ಬರಗಾಲ ಬಂದರೆ ನೆಲದಡಿಯ ಗುಹೆಗಳ ನೀರೇ ಗತಿ. ಬಂಗಬಂಗ ಅನ್ನುವ ಆ ಗುಹೆಗಳಿಗೆ ಹೆಂಗಸರು ಮಾತ್ರ ಇಳಿಯಬಹುದಿತ್ತು, ಕತ್ತಲಲ್ಲಿ ತೆವಳಿಕೊಂಡು ಹೋಗಿ ಚಿಪ್ಪಿನಲ್ಲಿ ನೀರು ತುಂಬಿ ತರುತ್ತಿದ್ದರು. 1900ರಲ್ಲಿ ಫಾಸ್ಫೇಟ್ ಸಿಕ್ಕಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಹೊಲಗಳಿಗೆ ಗೊಬ್ಬರ ಬೇಕಲ್ಲ, 1979ರ ತನಕ ನೆಲವನ್ನೇ ಅಗೆದು ಸಾಗಿಸಿದರು. 1945ರ ಡಿಸೆಂಬರ್‌ನಲ್ಲಿ ಜನರನ್ನೇ ಫಿಜಿಯ ರಾಬಿ ದ್ವೀಪಕ್ಕೆ ಒಯ್ದು ಬಿಟ್ಟರು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅಟ್ಲಾಸ್‌ಪ್ರಿಯ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ರಾಜಧಾನಿಯಲ್ಲಿ ಜನ ಜಾಸ್ತಿ ಅಲ್ವಾ, ಅಲ್ಲಿಗೂ ಬಾವಿ ನೀರು ಸಾಕಾಗುತ್ತಾ ಅಂತ ಈಗ ಅವಳ ಪ್ರಶ್ನೆ.

ಕಡಲಹಾದಿ:
ಸಾಕಾಗಲ್ಲ. ದೇಶದ ಅರ್ಧದಷ್ಟು ಜನ ದಕ್ಷಿಣ ತರಾವಾದಲ್ಲೇ ಇದ್ದಾರೆ, ಮನೆಗೆ ಮನೆ ಅಂಟಿಕೊಂಡು ಬಾವಿಗಳೂ ಕೆಟ್ಟಿವೆ. ಬೊನ್ರಿಕಿ, ಬುವೋಟಾ ಅಂತ ಎರಡು ಕಡೆ ನೆಲದಡಿಯ ನೀರನ್ನು ಕಾಪಾಡಿ ಇಟ್ಟಿದ್ದಾರೆ, ಅಲ್ಲಿಂದ ಪಂಪ್ ಮಾಡಿ ಪೈಪಿನಲ್ಲಿ ಊರಿಗೆ ಬಿಡುತ್ತಾರೆ. ಬೊನ್ರಿಕಿಯ ಆ ಜಾಗ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ಮಗಳಿಗೆ ಉಪಗ್ರಹ ನಕ್ಷೆಯಲ್ಲಿ ತೋರಿಸಿ.